ಒಂಬತ್ತು ಮಂದಿಯ ಮನೆ

ಮೇ ತಿಂಗಳ ಮೊದಲ ವಾರ ದೇರೆಬೈಲಿನ ನಮ್ಮ ಅಪಾರ್ಟ್‌ಮೆಂಟಿನ ಟ್ಯಾಂಕಿನ ತಳ ಕಂಡಿತು. ಕಾರ್ಯದರ್ಶಿ ಮೋಹನದಾಸ, ಅಂದರೆ ನಾನು, ಕಾರು ನಿಲ್ಲಿಸುವ ಜಾಗದಲ್ಲೇ ಸಭೆ ಕರೆದೆ. "ಭೂಮಿ ಇರುವುದು ಒಂದೇ ಮಾರಾಯ್ರೇ. ಜನ ಹೀಗೆ ಹೆಚ್ಚಾದ್ರೆ ಅದು ಎಷ್ಟಂತ ತಡೆದೀತು?" ಎಂದು ಶುರು ಮಾಡಿ ಇಪ್ಪತ್ತು ನಿಮಿಷ ಮಾತಾಡಿದೆ. ಯಾರ ಹೆಸರೂ ಹೇಳಲಿಲ್ಲ. ಆದರೂ ಎಲ್ಲರೂ ಒಂದನೇ ಮಾಳಿಗೆಯ ಮೂಸಬ್ಬರನ್ನೇ ನೋಡಿದರು. ಅವರ ಮನೆಯಲ್ಲಿ ಒಂಬತ್ತು ಮಂದಿ. ನಮ್ಮಲ್ಲಿ ನಾನು, ಹೆಂಡತಿ ಕುಶಲಾ.

ಮನೆಮನೆಗೆ ನೀರಿನ ಮೀಟರ್ ಕೂರಿಸುವುದು, ವಾರದಲ್ಲಿ ಅತಿ ಹೆಚ್ಚು ನೀರು ಬಳಸಿದ ಮನೆಗೆ ಮೂರು ದಿನ ನೀರು ಬಂದ್ ಮಾಡುವುದು ಎಂದು ನಿಯಮವಾಯಿತು. ಬರೆದವನೂ ನಾನೇ, ಸಹಿ ಹಾಕಿದವನೂ ನಾನೇ.

"ಮನೆಯಲ್ಲಿ ಸಣ್ಣ ಮಗು ಉಂಟು ಮೋಹನಣ್ಣ, ಮೂರು ದಿನ ಅಂದ್ರೆ ಕಷ್ಟ" ಎಂದರು ಮೂಸಬ್ಬ.

"ನಿಯಮ ಎಲ್ಲರಿಗೂ ಒಂದೇ" ಎಂದೆ. ಆ ಮಾತು ಹೇಳುವಾಗ ಸಿಗುವ ಸುಖ ಹೇಳಿದವರಿಗೇ ಗೊತ್ತು.

ಮೀಟರ್ ಕೂರಿಸಿ ವಾರ ತುಂಬಿದ ಭಾನುವಾರ ನಮ್ಮ ಕೆಳಗಿನ ಮನೆಯ ರುಡೊಲ್ಫ್ ಕನ್ನಡಕ ಏರಿಸಿ ಪಟ್ಟಿ ಓದಿದರು. "ಮೊದಲ ಸ್ಥಾನ, ಮುನ್ನೂರ ಎರಡು." ಚಪ್ಪಾಳೆ ತಟ್ಟಲು ಎತ್ತಿದ ಕೈಗಳನ್ನು ನಾನು ಹಾಗೇ ಇಳಿಸಿದೆ. ಮುನ್ನೂರ ಎರಡು ನಮ್ಮ ಮನೆ.

"ಮೀಟರ್ ಹಾಳಾಗಿರಬೇಕು."

"ಮೀಟರಿಗೆ ಎಂತ ಆಗಿಲ್ಲ ಮೋಹನದಾಸರೇ. ತಾರಸಿಯಲ್ಲಿ ನಿಮ್ಮ ನಲ್ವತ್ತು ಚಟ್ಟಿ ಮಲ್ಲಿಗೆ, ದಿನಕ್ಕೆರಡು ಸಲ ಪೈಪ್. ಕಾರಿಗೆ ದಿನಾ ನಾಲ್ಕು ಬಕೆಟ್. ಮತ್ತೆ ಸೆಕೆ ಅಂತ ನಿಮಗೆ ಮೂರು ಸ್ನಾನ."

"ನನ್ನ ಸ್ನಾನ ನಿಮಗೆ ಹೇಗೆ ಗೊತ್ತು?"

"ಪೈಪಿನಲ್ಲಿ ಕೇಳ್ತದೆ. ನಿಮ್ಮ ಹಾಡು ಸಮೇತ."

ಹತ್ತೊಂಬತ್ತು ಮನೆಗಳಲ್ಲಿ ಮೂಸಬ್ಬರದು ಹದಿನಾಲ್ಕನೇ ಸ್ಥಾನ. ಅದು ಹೇಗೆ ಎಂದು ಎಲ್ಲರೂ ಕೇಳಿದಾಗ ಅವರಿಗೇ ನಾಚಿಕೆಯಾಯಿತು. "ಎಂತ ಇಲ್ಲ. ಬಟ್ಟೆ ಒಗೆದ ನೀರು ಚೆಲ್ಲಲಿಕ್ಕೆ ನನ್ನ ಉಮ್ಮ ಬಿಡುದಿಲ್ಲ, ಕಕ್ಕಸಿಗೆ ತೆಗೆದಿಡ್ತಾರೆ. ಅಷ್ಟೇ."

ರುಡೊಲ್ಫ್ ನನ್ನ ಕಣ್ಣೆದುರಿಗೇ ನಮ್ಮ ವಾಲ್ವ್ ತಿರುಗಿಸಿದರು. ಮೇಲೆ ಹೋದರೆ ಕುಶಲಾ, "ಅವತ್ತು ಭಾಷಣ ಮಾಡಿದ ಹೊತ್ತಿಗೆ ಹತ್ತು ಬಕೆಟ್ ತುಂಬಿಸಿಡ್ಬಹುದಿತ್ತು" ಎಂದಳು.

ಮರುದಿನ ಬೆಳಿಗ್ಗೆ ಕುಡಿಯುವ ನೀರಿನ ಬಾಟಲಿ ಹಿಡಿದು, ಹಲ್ಲುಜ್ಜಲೋ ಚಾ ಮಾಡಲೋ ಎಂದು ನಾವಿಬ್ಬರೂ ಜಗಳವಾಡುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಮೂಸಬ್ಬ. ಎರಡು ಮಾಳಿಗೆ ಹತ್ತಿದ ಏದುಸಿರು, ಹೆಗಲ ಮೇಲೆ ತುಂಬಿದ ಕೊಡಪಾನ. ಅವರ ಮುಖದಲ್ಲಿ ಕುಚೋದ್ಯವೇನಾದರೂ ಇದೆಯೇ ಎಂದು ಹುಡುಕಿದೆ; ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

"ಎರಡು ದಿನಕ್ಕೆ ಧಾರಾಳ ಆಗ್ತದೆ ಮೋಹನಣ್ಣ" ಎಂದರು, ಕೊಡಪಾನ ಇಳಿಸುತ್ತ. "ನೀವು ಇಬ್ಬರೇ ಅಲ್ವಾ."