ನಾಲಗೆಯಿಲ್ಲದ ಗಂಟೆ

“ಈ ಗಂಟೆಗೆ ನಾಲಗೆ ಬರೆಯೋದನ್ನೇ ಮರೆತಿದ್ದಾರಲ್ಲ, ಫಾದರ್?” ಕೆತ್ತನೆಗಾರ ಕನ್ನಡಕವನ್ನು ಹಣೆಗೇರಿಸಿ, ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೊಸದಾಗಿ ನೇಮಕವಾದ ಬಿಷಪ್ಪರ ಲಾಂಛನ ಅದು. ದೊಡ್ಡ ಚರ್ಚಿನಲ್ಲಿ ಅವರು ಕೂರುವ ಪೀಠದ ಬೆನ್ನೊರಗಿಗೆ ಅದನ್ನು ಮರದಲ್ಲಿ ಕೆತ್ತಿಕೊಡಬೇಕಿತ್ತು.

ನಕ್ಷೆ ತಂದಿದ್ದ ಕಾರ್ಯದರ್ಶಿ ಪಾದ್ರಿ ಬೆಂಚಿನ ಮೇಲಿನ ಮರದ ಹೊಟ್ಟನ್ನು ಕೈಯಿಂದ ಸರಿಸಿ, ಪಾಠ ಒಪ್ಪಿಸುವವರಂತೆ ಒಂದೊಂದರ ಮೇಲೂ ಬೆರಳಿಟ್ಟರು. “ಮೇಲಿರೋ ಹಸಿರು ಟೋಪಿ, ಎರಡೂ ಕಡೆ ಇಳಿಬಿದ್ದಿರೋ ಆರಾರು ಗೊಂಡೆ, ಇವೆಲ್ಲ ಪದವಿಯ ಗುರುತು. ಯಾವ ಬಿಷಪ್ಪರದಾದ್ರೂ ಒಂದೇ. ಗುರಾಣಿ ಒಳಗಿರೋದು ಮಾತ್ರ ಅವರವರ ಸ್ವಂತದ್ದು. ನಕ್ಷತ್ರ ಮಾತೆ ಮರಿಯಮ್ಮನದು. ಅಲೆ ಅಂದ್ರೆ ಜ್ಞಾನಸ್ನಾನದ ನೀರು. ಗಂಟೆ ಇದೆಯಲ್ಲ, ಅದು ಮೌನಪ್ರಾರ್ಥನೆ. ನಾಲಗೆ ಮರೆತದ್ದಲ್ಲ, ಬೇಕಂತಲೇ ಬಿಟ್ಟಿದ್ದಾರೆ. ಈ ಕೆಲಸ ಬೇರೆ ಯಾರಿಗೂ ಬೇಡ, ನಿಮಗೇ ಕೊಡಬೇಕು ಅಂತಾನೂ ಹೇಳಿದ್ದಾರೆ.”

ಕೆತ್ತನೆಗಾರ ನಕ್ಷೆಯನ್ನು ಬೆಂಚಿನ ಮೇಲಿಟ್ಟ. ನಲವತ್ತೆರಡು ವರ್ಷದ ಹಿಂದೆ ಆ ಬಿಷಪ್ಪರೂ ಇವನೂ ಒಂದೇ ಸೆಮಿನರಿಯಲ್ಲಿ, ಅಕ್ಕಪಕ್ಕದ ಮಂಚದಲ್ಲಿ ಮಲಗಿ, ಪಾದ್ರಿಗಳಾಗಲು ಓದುತ್ತಿದ್ದವರು. ಅಲ್ಲಿನ ಚಿಕ್ಕ ಚರ್ಚಿನಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಮೇಣದಬತ್ತಿ ಆರಿಸುವ ಸರದಿ ಒಂದು ವಾರ ಇವನದಾಗಿತ್ತು. ಮೈ ಕೆಂಡದಂತೆ ಸುಡುತ್ತಿದ್ದುದರಿಂದ ಕೆಲಸವನ್ನು ಗೆಳೆಯನಿಗೆ ಒಪ್ಪಿಸಿ ಮಲಗಿಬಿಟ್ಟ. ಗೆಳೆಯ ಮರೆತ. ಪರದೆಗೆ ಬೆಂಕಿ ತಗುಲಿ, ಬಲಿಪೀಠದ ಜೊತೆಗೆ ಅರ್ಧ ಚಾವಣಿಯೂ ಸುಟ್ಟು ಕರಕಲಾಯಿತು. “ನಾನು ಇವನಿಗೆ ಹೇಳಿ ಮಲಗಿದ್ದೆ ಗುರುಗಳೇ” ಎಂದು ಇವನು ಅಂಗಲಾಚಿದಾಗ, ಮುಖ್ಯಗುರುಗಳು ಗೆಳೆಯನ ಕಡೆ ತಿರುಗಿ, “ಹೌದೇನಪ್ಪಾ?” ಎಂದರು. ಗೆಳೆಯ ನೆಲ ನೋಡುತ್ತ ನಿಂತ. ತುಟಿ ಪಿಟಕ್ಕೆನ್ನಲಿಲ್ಲ. ತಪ್ಪಿನ ಜೊತೆಗೆ ಸುಳ್ಳೂ ಸೇರಿತೆಂದು ಇವನಿಗೆ ಮರುದಿನವೇ ಗಂಟುಮೂಟೆ ಕಟ್ಟಿಸಿದರು.

“ಫಾದರ್, ಈ ಗಂಟೆಯ ಅರ್ಥ ಅವರೇ ಬಂದು ಹೇಳ್ಲಿ. ಅಲ್ಲೀವರೆಗೆ ನಾನು ಉಳಿ ಮುಟ್ಟಲ್ಲ,” ಎಂದ ಕೆತ್ತನೆಗಾರ.

ಮರುದಿನ ಮಧ್ಯಾಹ್ನ ಬಿಷಪ್ ಒಬ್ಬರೇ ಬಂದರು. ಬಾಗಿಲಲ್ಲೇ ನಿಂತು, “ಕಡ್ಡಿ” ಎಂದು ಕರೆದರು. ಸೆಮಿನರಿ ಬಿಟ್ಟ ಮೇಲೆ ಯಾರೂ ಕರೆಯದ ಅಡ್ಡಹೆಸರು. ಕಡ್ಡಿಯ ಹೊಟ್ಟೆ ಈಗ ಬೆಂಚಿಗೆ ತಗಲುತ್ತಿತ್ತು. ಇಬ್ಬರಿಗೂ ನಗು ಬರಬಹುದಿತ್ತು, ಬರಲಿಲ್ಲ.

“ಕೂತ್ಕೊಳ್ಳಿ ಬಿಷಪ್ಪರೇ.”

“ನನಗೆ ಬಹುವಚನ ಬೇಡ ಕಣೋ. ಆ ಗಂಟೆ ಯಾಕೆ ಅಂತ ನಿನಗೆ ತಿಳೀತು ತಾನೇ?”

“ನನಗೆ ತಿಳೀತು. ಊರಿನವರಿಗೆ ಅದು ಮೌನಪ್ರಾರ್ಥನೆ.”

ಬಿಷಪ್ ಬೆರಳಿನ ಉಂಗುರವನ್ನು ತಿರುವುತ್ತ ಕೂತರು. “ದಿನಾ ಕಣ್ಣಿಗೆ ಬೀಳ್ತಾ ಇರಲಿ, ಚುಚ್ತಾ ಇರಲಿ ಅಂತ ಹಾಕಿಸ್ದೆ.”

“ಪೀಠದ ಒರಗಿನ ಮೇಲಿರೋದು ನಿಮ್ಮ ಕಣ್ಣಿಗೆ ಹ್ಯಾಗೆ ಬೀಳುತ್ತೆ? ನೀವು ಅದಕ್ಕೆ ಬೆನ್ನು ಕೊಟ್ಟು ಕೂರೋರು!”

ಬಿಷಪ್ ಉಂಗುರದಿಂದ ಕೈ ತೆಗೆದರು. “ಪೀಠ ಏರೋ ದಿನವೇ ಎಲ್ಲರ ಮುಂದೆ ಹೇಳಿಬಿಡ್ತೀನಿ,” ಎಂದರು.

“ಊರು ಕಟ್ಕೊಂಡು ನನಗೇನಾಗಬೇಕು? ಅವತ್ತು ಪೆಟ್ಟಿಗೆ ಹೊತ್ಕೊಂಡು ಮನೆಗೆ ಬಂದ್ರೆ, ‘ದೇವರ ಮನೆ ಸುಟ್ಟು ಬಂದ್ಯಾ’ ಅಂದಳು ಅಮ್ಮ. ನಾನಲ್ಲಮ್ಮ ಅಂತ ವರ್ಷಗಟ್ಟಲೆ ಹೇಳ್ದೆ. ಅನ್ನ ಹಾಕಿದಳು, ಮದುವೆ ಮಾಡಿದಳು, ನಂಬೋದೊಂದು ಮಾತ್ರ ಮಾಡಲಿಲ್ಲ. ನೀವೊಂದು ಕಾಗದ ಬರೆದಿದ್ರೆ ಸಾಕಿತ್ತು.”

“ಬರೆದೆ. ಎಷ್ಟೋ ಸಲ ಬರೆದೆ. ಅಂಚೆಗೆ ಹಾಕೋಕೆ ಧೈರ್ಯ ಬರಲಿಲ್ಲ.” ಬಿಷಪ್ ತಲೆಯೆತ್ತಿದರು. “ಅಮ್ಮ ಇದ್ದಾರಾ?”

“ಒಳಗಿನ ಕೋಣೇಲಿದ್ದಾಳೆ. ಆದರೆ ಎರಡು ವರ್ಷದಿಂದ ಯಾರ ಗುರುತೂ ಹತ್ತಲ್ಲ. ನನ್ನನ್ನೇ ‘ಬಡಗಿಯವರೇ, ಊಟ ಆಯ್ತಾ’ ಅಂತ ಕೇಳ್ತಾಳೆ.”

“ಆದರೂ ಹೇಳ್ತೀನಿ,” ಎಂದು ಬಿಷಪ್ ಎದ್ದರು.

ಮುದುಕಿ ಕುರ್ಚಿಯಲ್ಲಿ ಕೂತು ಮಡಿಲಿನ ಟವೆಲನ್ನು ಮಡಿಸುತ್ತಿದ್ದಳು, ಬಿಡಿಸುತ್ತಿದ್ದಳು. ಬಿಷಪ್ ಅವಳ ಮುಂದೆ ಮೊಣಕಾಲೂರಿದರು. ತಾನು ಮೇಣದಬತ್ತಿ ಆರಿಸಲು ಮರೆತದ್ದು, ಕೇಳಿದಾಗ ಬಾಯಿ ಬಿಡದಿದ್ದದ್ದು, ಏನೂ ಅರಿಯದ ಗೆಳೆಯ ಕಳಂಕ ಹೊತ್ತು ಮನೆಗೆ ಹೋದದ್ದು, ಒಂದನ್ನೂ ಮುಚ್ಚಿಡದೆ ಹೇಳಿದರು. “ಆ ಗೆಳೆಯ ಬೇರೆ ಯಾರೂ ಅಲ್ಲಮ್ಮಾ…” ಎನ್ನುವಷ್ಟರಲ್ಲಿ ಅಳು ಬಂದು ಮಾತು ಅಲ್ಲೇ ನಿಂತಿತು. ಬಾಗಿಲಿಗೆ ಒರಗಿ ನಿಂತ ಮಗ ತಾಯಿಯ ಮುಖವನ್ನೇ ನೋಡುತ್ತಿದ್ದ.

ಮುದುಕಿ ಪೂರ್ತಿ ಕೇಳಿಸಿಕೊಂಡಿದ್ದಳು. ಟವೆಲಿನ ತುದಿಯಿಂದ ಬಿಷಪ್ಪರ ಕಣ್ಣೊರೆಸಿದಳು.

“ಅಳಬೇಡ ಮಗೂ, ಈಗಲಾದ್ರೂ ಒಪ್ಕೊಂಡೆಯಲ್ಲ. ಆ ಹುಡುಗನ ತಾಯಿ ಇನ್ನೂ ಇದ್ದಾಳೇನಪ್ಪಾ? ಇದ್ರೆ ಬೇಗ ಹೋಗಿ ಅವಳಿಗೆ ಹೇಳು. ಪಾಪ, ಮಗನದೇ ತಪ್ಪು ಅಂತ ತಿಳ್ಕೊಂಡು ಎಷ್ಟು ನೊಂದಿದ್ದಾಳೋ!”