ಅಪ್ಪ ನೆಲದಲ್ಲಿ ಕೂತ ದಿನ

ಬಜೆ ತೇಯುವ ವಾಸನೆ ಬಂದರೆ ಇವತ್ತಿಗೂ ನನ್ನ ಬಾಯಿ ತಾನಾಗಿ ಬಿಗಿದುಕೊಳ್ಳುತ್ತದೆ.

ನಾಲ್ಕು ವರ್ಷ ತುಂಬಿದರೂ ನನಗೆ ಮಾತು ಬಂದಿರಲಿಲ್ಲ. ನಾಲಿಗೆ ತಿರುಗಲೆಂದು ಅಜ್ಜಿ ದಿನಾ ಬೆಳಿಗ್ಗೆ ಬಜೆ ತೇಯ್ದು ನೆಕ್ಕಿಸುತ್ತಿದ್ದರು. ಅಂಗನವಾಡಿ ಟೀಚರ್ ಬಿಡದೆ ಹೇಳಿದ್ದಕ್ಕೆ, ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಕಾಣಿಯೂರಿನಿಂದ ಬಸ್ಸಿನಲ್ಲಿ ಪುತ್ತೂರಿನ ದರ್ಬೆಗೆ, ಮಾತು ಬಾರದ ಮಕ್ಕಳಿಗೆ ಥೆರಪಿ ಕೊಡುವ ಮೇಡಂ ಹತ್ತಿರ ಕರೆದುಕೊಂಡು ಹೋದರು.

ಮೇಡಂ ನನ್ನನ್ನು ಬಿಟ್ಟು ಅಪ್ಪನಿಗೆ ಚಾಪೆ ತೋರಿಸಿದರು. "ನೀವು ಕೆಳಗೆ ಕೂತ್ಕೊಳ್ಳಿ. ಎಂತದೂ ಕೇಳ್ಬೇಡಿ, ಕಲಿಸ್ಬೇಡಿ. ಅವಳು ಮಾಡಿದ್ದನ್ನೇ ಮಾಡಿ."

ಇಸ್ತ್ರಿ ಪಂಚೆ ಎತ್ತಿಕೊಂಡು ಅಪ್ಪ ಕೂತರು. ಚಾಪೆಯಲ್ಲಿದ್ದ ಆಟಿಕೆಗಳಲ್ಲಿ ಮರದ ದನವೊಂದನ್ನು ನಾನು ಡಬ್ಬಿಗೆ ಹಾಕಿ ಮುಚ್ಚಿದೆ. ಅಪ್ಪನೂ ಹಾಗೆಯೇ ಮಾಡಿದರು. ಮೂರನೆಯ ಸಲ ಅವರು ಮುಚ್ಚಳ ತಟ್ಟಿ, ಮೆಲ್ಲಗೆ "ಅಂಬಾ" ಎಂದರು. ನಾನೂ "ಅಂಬಾ" ಎಂದೆ. ಅಪ್ಪನ ಮುಖ ಹಾಗೆ ಅರಳಿದ್ದನ್ನು ಮತ್ತೆ ನೋಡಿಲ್ಲ.

"ಮನೆಯಲ್ಲಿ ದಿನಾ ಕಾಲು ಗಂಟೆ ಹೀಗೆ ಕೂತ್ರೆ ಸಾಕು" ಎಂದರು ಮೇಡಂ.

ಮನೆಗೆ ಬಂದಾಗ ಅಜ್ಜಿ, "ಎಂತ ಮದ್ದು ಕೊಟ್ರು?" ಎಂದು ಕೇಳಿದರು.

"ಮದ್ದು ಎಂತದೂ ಇಲ್ಲ. ನಾನು ನೆಲದಲ್ಲಿ ಕೂತು ಆಟ ಆಡ್ಬೇಕಂತೆ."

"ಅದಕ್ಕೆ ಪುತ್ತೂರಿಗೆ ಹೋಗ್ಬೇಕಿತ್ತಾ ಮಾರಾಯ?"

ಅಜ್ಜಿ ನಕ್ಕರು. ಅಪ್ಪನೂ ನಕ್ಕರು. ನಾನು "ಅಂಬಾ" ಎಂದದ್ದನ್ನು ಅಪ್ಪ ಹೇಳಲೇ ಇಲ್ಲ.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಯಾರೋ ಬಂದು ಕೂತಿದ್ದರು. ನಾನು ಅಡುಗೆಮನೆಯಿಂದ ಡಬ್ಬಿ ತಂದು, ಅಪ್ಪನ ಕುರ್ಚಿಯ ಮುಂದೆ ಕೂತು ಮುಚ್ಚಳ ತಟ್ಟಿದೆ. ಅಪ್ಪ ಮಾತು ನಿಲ್ಲಿಸದೆ ಡಬ್ಬಿಯನ್ನು ಕಾಲಿನಿಂದ ಬದಿಗೆ ಸರಿಸಿದರು.

ಬೆರಳಲ್ಲಿ ಬಜೆ ಹಿಡಿದುಕೊಂಡು ಅಜ್ಜಿ ಬಂದರು. "ಬಾಯಿ ಬಿಡು ಮಗಾ."

ನಾನು ಬಿಡಲಿಲ್ಲ.