ವಾರಿಜಾಳ ಏಳು
ನಮ್ಮೂರಿನ ಡಾನ್ಸ್ ಹಾಲ್‌ನಲ್ಲಿ ಹಾಡು ಹಾಕುವುದಿಲ್ಲ. ಬರಿಗಾಲಲ್ಲಿ ಇಳಿದವರ ಎದೆಬಡಿತವನ್ನೇ ನೆಲ ಗಟ್ಟಿಯಾಗಿ ನುಡಿಸುತ್ತದೆ, ಡಿಜೆ ಬೆರೆಸುತ್ತಾನೆ. ಒಬ್ಬೊಬ್ಬರ ಎದೆಗೆ ಒಂದೊಂದು ತಾಳ. ಮದುವೆಗೆ ಜಾತಕದ ಬದಲು ಅದನ್ನೇ ಕೂಡಿಸುತ್ತಾರೆ. ನನ್ನದು ನಾಲ್ಕೆಣಿಕೆಯ ತಾಳ, ಹೆಂಡತಿ ವಾರಿಜಾಳದೂ ನಾಲ್ಕು.

ಶನಿವಾರ ಸಂಜೆ ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಅವಳು ಕುಣಿಯುತ್ತಿದ್ದಳು. ಅವಳ ಕಾಲಡಿ ಏಳು ಬಡಿಯುತ್ತಿತ್ತು: ತಕಿಟ ತಕಧಿಮಿ, ತಕಿಟ ತಕಧಿಮಿ. ಉಳಿದವರ ನಾಲ್ಕುಗಳ ನಡುವೆ ಅದು ನುಸುಳಿದಾಗಲೆಲ್ಲ ಜನ ಶಿಳ್ಳೆ ಹೊಡೆಯುತ್ತಿದ್ದರು. ಡಿಜೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ನಾನು ನೇರ ಅವನ ಮೇಜಿನ ಬಳಿ ನಡೆದೆ.

“ನನ್ನ ಹೆಂಡ್ತಿಗೆ ನಿನ್ನ ಏಳು ಹತ್ತಿಸಿದ್ದೀಯ ತಾನೇ?” ಎಂದು ಅವನ ಮೇಲೆ ಹರಿಹಾಯ್ದೆ.

“ಅಯ್ಯೋ ಸಾರ್, ನಂದು ಬರೀ ಮೂರು. ಅದು ಅವ್ರದ್ದೇ.”

ನೆಲದ ಅಂಚಿನಿಂದ ವಾರಿಜಾಳನ್ನೇ ಕೂಗಿ ಕೇಳಿದೆ. ಅವಳು ಕುಣಿತ ನಿಲ್ಲಿಸಲಿಲ್ಲ.

“ನಂದು ಹುಟ್ಟಿದಾಗಿಂದ ಏಳೇ ಕಣ್ರೀ. ನೀವು ಪಕ್ಕದಲ್ಲಿದ್ರೆ ಮಾತ್ರ ನಾಲ್ಕಾಗುತ್ತೆ. ಹೆಣ್ಣು ನೋಡೋಕೆ ಬಂದು ತಾಳ ಕೂಡಿಸೋವಾಗ ಪಕ್ಕದಲ್ಲೇ ಕೂತಿದ್ರಲ್ಲ!”

ಶುದ್ಧ ಸುಳ್ಳು ಎನ್ನಿಸಿತು. ಚಪ್ಪಲಿ ಬಿಟ್ಟು ಒಳಗೆ ನುಗ್ಗಿ ಅವಳ ಕೈ ಹಿಡಿದೆ.

ಅವಳ ಕಾಲಡಿಯ ಏಳು ನಾಲ್ಕಕ್ಕೆ ಇಳಿಯಿತು. ಶಿಳ್ಳೆ ನಿಂತಿತು. ಹಾಲ್‌ಗೆ ಹಾಲೇ ನನ್ನತ್ತ ತಿರುಗಿತು.

“ಸಾರ್,” ಎಂದ ಡಿಜೆ, ತುಂಬ ಮರ್ಯಾದೆಯಿಂದ, “ಸ್ವಲ್ಪ ಆಚೆ ನಿಲ್ತೀರಾ?”